ದಾಂಪತ್ಯ ಮುರಿಯುವಾಗ ಹದಿಹರೆಯದ ಮಗನ ಹೊಣೆ

ಗಂಡ ಹೆಂಡತಿ ಬೇರೆಯಾಗಲು ನಿರ್ಧರಿಸಿದ ಮನೆಗಳಲ್ಲಿ ಎಲ್ಲರ ಗಮನ ವಕೀಲರು, ಜೀವನಾಂಶ, ಆಸ್ತಿಗಳ ಕಡೆಗೆ ಹೋಗುವುದರಿಂದ, ಹೈಸ್ಕೂಲು ಅಥವಾ ಪಿಯುಸಿ ಓದುತ್ತಿರುವ ಮಗ ದೊಡ್ಡವನಾಗಿದ್ದಾನೆ, ತಾನೇ ಅರ್ಥ ಮಾಡಿಕೊಳ್ಳುತ್ತಾನೆ ಎಂದು ಬಿಟ್ಟುಬಿಡುವುದು ಸಾಮಾನ್ಯವಾಗಿದೆ. ಇದು ದೊಡ್ಡ ತಪ್ಪು.

ಮೊದಲನೆಯದಾಗಿ, ಪರೀಕ್ಷೆಯ ಒತ್ತಡವಿಲ್ಲದ ದಿನ ಇಬ್ಬರೂ ಒಟ್ಟಿಗೆ ಕುಳಿತು ಅವನಿಗೆ ವಿಷಯ ತಿಳಿಸಬೇಕು. ಇದಕ್ಕೆ ಅವನು ಕಾರಣನಲ್ಲವೆಂಬುದನ್ನೂ, ಮುಂದೆ ಯಾರ ಜೊತೆ ಇರುವುದು, ಶಾಲೆ ಬದಲಾಗುವುದೇ ಎಂಬುದನ್ನೂ ಬಿಡಿಸಿ ಹೇಳಬೇಕು. ಇನ್ನೂ ತೀರ್ಮಾನವಾಗದ್ದನ್ನು ತೀರ್ಮಾನವಾಗಿಲ್ಲವೆಂದೇ ಹೇಳಬೇಕು.

ಎರಡನೆಯದು ಇದಕ್ಕಿಂತ ಕಠಿಣ. "ಫೀಸು ಕಟ್ಟೋಕೆ ನಿಮ್ಮಪ್ಪನಿಗೆ ಹೇಳು", "ನಿಮ್ಮಮ್ಮ ಯಾರ ಹತ್ತಿರ ಫೋನಿನಲ್ಲಿ ಮಾತಾಡ್ತಿದ್ದಳು?" ಎಂಬಂಥ ಮಾತುಗಳು ಮಗನನ್ನು ದೂತನನ್ನಾಗಿಯೂ ಸಾಕ್ಷಿಯನ್ನಾಗಿಯೂ ಮಾಡುತ್ತವೆ, ಒಬ್ಬರಿಗೆ ಉತ್ತರ ಕೊಟ್ಟರೆ ಇನ್ನೊಬ್ಬರಿಗೆ ದ್ರೋಹವಾದಂತೆ ಅವನಿಗೆ ಅನಿಸುತ್ತದೆ. ಫೀಸಿನ ಮಾತನ್ನು ಹೆತ್ತವರು ನೇರವಾಗಿ, ಮುಖ ನೋಡಲಾಗದಿದ್ದರೆ ವಾಟ್ಸ್ಆ್ಯಪ್‌ ಸಂದೇಶದಲ್ಲಾದರೂ, ತಾವೇ ಮುಗಿಸಿಕೊಳ್ಳಬೇಕು.

ಮೂರನೆಯದಾಗಿ, ಕಾನೂನಿನ ದಾರಿಯನ್ನು ಅವನಿಗೆ ಸರಳವಾಗಿ ತಿಳಿಸಬೇಕು. ಹಿಂದೂ ವಿವಾಹ ಕಾಯ್ದೆ, 1955ರ 13-ಬಿ ಕಲಮಿನಂತೆ, ಒಂದು ವರ್ಷ ಬೇರೆ ಬೇರೆ ಬದುಕಿದ ದಂಪತಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಬಹುದು; ಆ ಬಳಿಕ ಆರು ತಿಂಗಳು ಕಾಯಬೇಕಾದರೂ, ಸೂಕ್ತ ಪ್ರಕರಣಗಳಲ್ಲಿ ಈ ಅವಧಿಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹದಿನೆಂಟು ತುಂಬದ ಮಗ ಯಾರ ಬಳಿ ಬೆಳೆಯಬೇಕೆಂಬ ಪ್ರಶ್ನೆಯೇ ಪಾಲನೆಯ ಹಕ್ಕು. ಅದನ್ನು ನಿರ್ಧರಿಸುವಾಗ, ಅದೇ ಕಾಯ್ದೆಯ 26ನೇ ಕಲಮಿನಂತೆ, ಸಾಧ್ಯವಿರುವಷ್ಟು ಮಟ್ಟಿಗೆ ಮಗುವಿನ ಇಚ್ಛೆಯನ್ನೂ ನ್ಯಾಯಾಲಯ ಗಮನಿಸುತ್ತದೆ. ಆದರೆ ಕೊನೆಯ ತೀರ್ಮಾನ ನ್ಯಾಯಾಧೀಶರದು. ಅಪ್ಪ ಅಮ್ಮಂದಿರಲ್ಲಿ ಒಬ್ಬರನ್ನು ಕೈಬಿಡುವ ಭಾರ ತನ್ನ ಮೇಲಿಲ್ಲವೆಂದು ತಿಳಿದರೆ ಹುಡುಗನ ಮನಸ್ಸು ಎಷ್ಟೋ ಹಗುರಾಗುತ್ತದೆ. ಆದ್ದರಿಂದ ನ್ಯಾಯಾಲಯದಲ್ಲಿ ಏನು ಹೇಳಬೇಕೆಂದು ಅವನಿಗೆ ಯಾರೂ ಪಾಠ ಮಾಡಿ ಕಳಿಸಬಾರದು.

ನಿದ್ದೆ ಕೆಟ್ಟು, ಊಟ ಬಿಟ್ಟು, ಗೆಳೆಯರಿಂದ ದೂರವಾಗುವ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ಆಪ್ತ ಸಮಾಲೋಚಕರನ್ನು, ಅಂದರೆ ಮನಸ್ಸಿನ ತೊಳಲಾಟವನ್ನು ಕೇಳಿ ದಾರಿ ತೋರುವ ತರಬೇತಿ ಪಡೆದವರನ್ನು, ಕಾಣಬೇಕು. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗನೇ ಕರೆ ಮಾಡಬಹುದು. ಹೆತ್ತವರು ಹೇಳದಿದ್ದರೆ ಶಿಕ್ಷಕರೋ ಅಜ್ಜ ಅಜ್ಜಿಯರೋ ಈ ಸಂಖ್ಯೆಯನ್ನು ಅವನಿಗೆ ತಿಳಿಸಿಕೊಡಬೇಕು.