ಕಳಿಸುವುದನ್ನು ಬೆಳಿಗ್ಗೆಗೆ ಇಟ್ಟುಕೋ

ಸೆಮಿನಾರಿನಲ್ಲಿ ಎರಡನೇ ಸ್ಲೈಡಿಗೇ ಬಾಯಿ ಒಣಗಿತು, ಇಂಗ್ಲಿಷ್ ತೊದಲಿತು, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆಯಿಲ್ಲ. ಹನ್ನೆರಡರ ಹೊತ್ತಿಗೆ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಖಾರವಾಗಿ ನಾಲ್ಕು ಸಾಲು ಬರೆದು, ಗ್ರೂಪನ್ನೇ ಬಿಟ್ಟು ಹೊರಬಂದದ್ದೂ ಆಯಿತು. ಮೊದಲನೆಯದಕ್ಕೆ ಜನ ‘ಪಾಪ, ಸಂಕೋಚ’ ಅನ್ನುತ್ತಾರೆ, ಎರಡನೆಯದಕ್ಕೆ ‘ಕೊಬ್ಬು’. ಎಷ್ಟೋ ಸಲ ಎರಡರ ಬೇರೂ ಒಂದೇ: ನಾಲ್ಕು ಜನ ಏನಂದುಕೊಂಡರೋ ಎಂಬ ಅಳುಕು. ಅದು ತಡೆಯಲಾಗದಷ್ಟು ಏರಿದಾಗ ಕೆಲವರು ತಪ್ಪಿಸಿಕೊಳ್ಳುತ್ತಾರೆ, ಕೆಲವರು ಹರಿಹಾಯುತ್ತಾರೆ, ಇನ್ನು ಕೆಲವರು ಧೈರ್ಯಕ್ಕೆಂದು ಗ್ಲಾಸು ಹಿಡಿಯುತ್ತಾರೆ.

ಆ ನಾಲ್ಕು ಜನ ನಿನ್ನನ್ನು ಅಷ್ಟೊಂದು ನೋಡುತ್ತಲೇ ಇರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಗಾಯಕನ ಚಿತ್ರದ ಟೀ-ಶರ್ಟ್ ತೊಡಿಸಿ, ಓರಗೆಯವರು ಕುಳಿತಿದ್ದ ಕೋಣೆಗೆ ಕಳಿಸಿದರು. ಹತ್ತಿರಹತ್ತಿರ ಅರ್ಧದಷ್ಟು ಮಂದಿ ಅದನ್ನು ಗಮನಿಸಿರುತ್ತಾರೆಂದು ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದವರು ಕಾಲುಭಾಗದಷ್ಟು. ನಿನ್ನ ತೊದಲಿನ ಕತೆಯೂ ಅದೇ. ಮುಂದಿನ ಸರದಿಯವನಿಗೆ ತನ್ನ ಸ್ಲೈಡಿನದೇ ಚಿಂತೆ.

ಹಾಗಾಗಿ ಉತ್ತರ ಕೊಡುವುದನ್ನು ತಡಮಾಡು, ಎದುರಿಸುವುದನ್ನು ಮಾತ್ರ ಮುಂದೂಡಬೇಡ. ಸಿಟ್ಟಿನ ಮೆಸೇಜು ಬರೆಯಬೇಕೆನಿಸಿದರೆ ನೋಟ್ಸ್‌ನಲ್ಲಿ ಬರೆದಿಡು, ಬೆಳಿಗ್ಗೆ ತಿಂಡಿಯಾದ ಮೇಲೆ ಓದು. ಕಳಿಸಲೇಬೇಕಾದದ್ದು ಒಂದು ಸಾಲಾದರೂ ಉಳಿದರೆ ಆಗ ಕಳಿಸು. ಗ್ರೂಪನ್ನು ಬಿಡುವ ಬದಲು ಮ್ಯೂಟ್ ಮಾಡು. ಆಗಲೇ ದುಡುಕಿದ್ದರೆ ‘ಸಾರಿ, ಆ ಹೊತ್ತಿನಲ್ಲಿ ತಲೆ ಕೆಟ್ಟಿತ್ತು’ ಎಂದರೆ ಸಾಕು, ಪುರಾಣ ಬೇಡ.

ಸೆಮಿನಾರನ್ನು ಮಾತ್ರ ತಪ್ಪಿಸಬೇಡ. ಹೆದರಿಕೆ ಏರಿದಂತೆ ಇಳಿಯುವುದೂ ಉಂಟು. ನಡುವೆಯೇ ಎದ್ದು ಹೋದವನಿಗೆ ಆ ಇಳಿತ ಕಾಣುವುದೇ ಇಲ್ಲ, ಮುಂದಿನ ಸಲ ಹೆದರಿಕೆ ಇನ್ನಷ್ಟು ಬಲಿಯುತ್ತದೆ. ಸಣ್ಣದರಿಂದ ಶುರುಮಾಡು: ಮೆಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ತಟ್ಟೆ ಇಟ್ಟು ಕೂರು, ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳು, ಕನ್ನಡದಲ್ಲಾದರೂ ಸರಿ.

ಇಷ್ಟಾದರೂ ಕಾಲೇಜಿಗೆ ಹೋಗಲೇ ಆಗದಿದ್ದರೆ, ಕುಡಿಯದೆ ನಾಲ್ಕು ಜನರ ನಡುವೆ ಇರಲಾಗದಿದ್ದರೆ, ಜೀವವೇ ಬೇಡವೆನಿಸಿದರೆ, ಒಬ್ಬನೇ ಹೊತ್ತು ತಿರುಗಬೇಡ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರ. ಈ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೋ. ನಿನಗೆ ಬೇಕಾಗದಿದ್ದರೂ ರೂಮ್‌ಮೇಟ್‌ಗೆ ಬೇಕಾದೀತು.