ಸಂಜೆಯ ನಿರ್ಧಾರ ಬೆಳಿಗ್ಗೆಯೇ ಆಗಲಿ

ನನ್ನಣ್ಣ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕುಡಿತ ಮಿತಿಮೀರಿದ್ದ ವರ್ಷಗಳಲ್ಲೂ ತೂಕ, ದರ, ಬಡ್ಡಿಯನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದ. "ಇಷ್ಟು ಬುದ್ಧಿ ಇದ್ದೂ ಹೀಗ್ಯಾಕೆ ಮಾಡ್ತಾನೆ?" ಎನ್ನುವುದು ನೆಂಟರ ಪ್ರಶ್ನೆ. ಅವನ ಚಿಕಿತ್ಸೆಗೆ ಜೊತೆಯಾಗಿ ಓಡಾಡಿದ ಮೇಲೆ ನನಗೆ ಉತ್ತರ ಸಿಕ್ಕಿತು: ಲೆಕ್ಕದ ಬುದ್ಧಿ ಉಳಿದಿತ್ತು, ನಾಳೆಗೆ ಕೊಡುವ ಬೆಲೆ ಕುಸಿದಿತ್ತು.

ಬೆಳಿಗ್ಗೆ ಮಗಳ ತಲೆ ಮುಟ್ಟಿ ಆಣೆ ಇಡುತ್ತಿದ್ದ. ಸಂಜೆ ಮಂಡಿ ಬಾಗಿಲು ಹಾಕುವ ಹೊತ್ತಿಗೆ ಕೈ ನಡುಗುತ್ತಿತ್ತು. "ಒಂದೇ ನೈಂಟಿ" ಎಂದು ಹೋದವನನ್ನು ಯಾರೋ ಕರೆತಂದು ಬಿಡುತ್ತಿದ್ದರು. ಮನೆಯವರೆಲ್ಲ ಸುಳ್ಳುಗಾರ ಎಂದರು. ಬೆಳಗಿನ ಆಣೆಯನ್ನು ಅವನು ಮನಸಾರೆ ಇಟ್ಟಿದ್ದ ಎಂದು ನಾನು ಇವತ್ತಿಗೂ ನಂಬುತ್ತೇನೆ.

ಮದ್ಯ ಮಿದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ದಿನವೂ ಕುಡಿಯುತ್ತ ಹೋದರೆ ಗೆಳೆಯರು, ಅಂಗಡಿ, ಆ ಹೊತ್ತು ಎಲ್ಲವನ್ನೂ ಮಿದುಳು ಆ ಸುಖದ ಜೊತೆ ಗಂಟು ಹಾಕಿಕೊಳ್ಳುತ್ತದೆ. ಕಂಡ ಕೂಡಲೇ ಹಪಹಪಿ ಏಳುತ್ತದೆ. ತಡೆಯಬೇಕಾದ್ದು ಹಣೆಯ ಹಿಂದಿರುವ ಮಿದುಳಿನ ಭಾಗ; ಅದು ಅಷ್ಟರಲ್ಲಿ ಸೋತಿರುತ್ತದೆ. ಇವತ್ತೇ 500 ರೂಪಾಯಿ ಬೇಕೋ, ಕೆಲವು ತಿಂಗಳು ಕಾದು 1000 ತಗೊಳ್ಳುತ್ತೀರೋ ಎಂಬಂಥ ಪರೀಕ್ಷೆಗಳಲ್ಲಿ ಚಟ ಅಂಟಿದವರು ಉಳಿದವರಿಗಿಂತ ಹೆಚ್ಚಾಗಿ ಕೈಗೆ ಬೇಗ ಸಿಗುವುದನ್ನೇ ಆರಿಸುತ್ತಾರೆ. ಅಂಥವರಿಗೆ ಲಿವರ್, ಮಗಳ ಮದುವೆ ಎಂಬ ಮಾತುಗಳು ಬಹಳ ದೂರದವು.

ಹಾಗಾದರೆ ಮಾಡುವುದೇನು? ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಸಂಜೆಯ ನಿರ್ಧಾರಗಳನ್ನು ಮುಗಿಸಿಬಿಡುವುದು. ಅಣ್ಣನೇ ಒಪ್ಪಿ ಸಂಬಳವನ್ನು ಅತ್ತಿಗೆಯ ಖಾತೆಗೆ ಹಾಕಿಸಿದ. ಮನೆಗೆ ಬರುವ ದಾರಿ ಬದಲಾಯಿಸಿದ. ವೈದ್ಯರು ಬರೆದುಕೊಟ್ಟ ಡೈಸಲ್ಫಿರಾಮ್ ಮಾತ್ರೆಯನ್ನು ಬೆಳಿಗ್ಗೆ ಅತ್ತಿಗೆಯ ಎದುರಿಗೇ ನುಂಗುತ್ತಿದ್ದ. ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ ಶುರುವಾಗುತ್ತದೆಂದು ಅವನಿಗೆ ಗೊತ್ತಿತ್ತು. ಸಂಜೆಯ ಜಗಳ ಬೆಳಿಗ್ಗೆಯೇ ತೀರುತ್ತಿತ್ತು. ಈ ಮಾತ್ರೆಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ತಿಳಿಯದೆ ಕುಡಿದವನ ಜೀವಕ್ಕೇ ಅಪಾಯವಾಗಬಹುದು.

ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಬೇಡ. ವರ್ಷಗಟ್ಟಲೆ ವಿಪರೀತ ಕುಡಿದವರಿಗೆ ನಿಲ್ಲಿಸಿದ 6ರಿಂದ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಭ್ರಮೆ ಹಿಡಿಯಬಹುದು. ಥಯಮಿನ್ (ಬಿ1 ವಿಟಮಿನ್) ಕೊರತೆ ನೆನಪಿನ ಶಕ್ತಿಯನ್ನೇ ತಿಂದುಹಾಕಬಹುದು. ಮೊದಲ ದಿನಗಳು ವೈದ್ಯರ ಕಣ್ಗಾವಲಿನಲ್ಲೇ ಕಳೆಯಬೇಕು.

ಬಿಟ್ಟ ಮೇಲೂ ಯೋಚನೆ ತಿಳಿಯಾಗಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಜಮೀನು ಮಾರುವುದು, ಸಾಲ ಮಾಡುವುದು, ಕೆಲಸ ಬಿಡುವುದು ಬೇಡವೆಂದು ನಾವು ಮಾತಾಡಿಕೊಂಡೆವು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗ, ಇವತ್ತೊಂದು ದಿನ ಕುಡಿಯದಿದ್ದರೆ ಸಾಕು ಎಂದು ಕಲಿಸುತ್ತದೆ. ನಾಳೆ ಕಣ್ಣಿಗೆ ಕಾಣದವನಿಗೆ ಹೊರಬಲ್ಲಷ್ಟೇ ಭಾರ ಕೊಡುವ ಮಾತು ಅದು.

ಎಲ್ಲಿಂದ ಶುರುಮಾಡಬೇಕೆಂದು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ. ನಿಮ್ಮ ಮನೆಯಲ್ಲೂ ಇಂಥ ಅಣ್ಣನೋ ಮಗನೋ ಇದ್ದರೆ, ಇನ್ನೆಂದೂ ಕುಡಿಯೋಲ್ಲ ಎಂಬ ಆಣೆ ಕೇಳಬೇಡಿ. "ಇವತ್ತು ಸಂಜೆ ಯಾರ ಜೊತೆ, ಯಾವ ದಾರಿಯಲ್ಲಿ ಮನೆಗೆ ಬರ್ತೀಯ?" ಎಂದು ಕೇಳಿ. ಅದಕ್ಕೆ ಅವನು ಉತ್ತರ ಕೊಡಬಲ್ಲ.