ನಿಲ್ಲಿಸುವುದೂ ಒಂದು ವಿದ್ಯೆ

ವಿದ್ಯಾರ್ಥಿ ಮಿತ್ರರೇ, ಹಿಟ್ಟಿನ ಗಿರಣಿಯನ್ನು ನೀವೆಲ್ಲರೂ ಕಂಡಿರುವಿರಿ. ಸಂಜೆ ಗಿರಣಿಯನ್ನು ನಿಲ್ಲಿಸುವಾಗ ಅದರ ಯಜಮಾನನು ಮೊದಲು ಹೊಸ ಕಾಳನ್ನು ತೆಗೆದುಕೊಳ್ಳುವುದನ್ನು ಬಿಡುತ್ತಾನೆ. ಆಗಲೇ ಸುರಿದ ಜೋಳವನ್ನು ಬೀಸಿ ಮುಗಿಸುತ್ತಾನೆ. ಹಿಟ್ಟನ್ನು ಅವರವರಿಗೆ ಒಪ್ಪಿಸಿದ ಮೇಲೆ ಯಂತ್ರವನ್ನು ಆರಿಸುತ್ತಾನೆ. ಗಣಕಯಂತ್ರದ ಕೆಲಸಕ್ಕೂ ಇದೇ ನ್ಯಾಯವು ಸಲ್ಲುತ್ತದೆ.

ಜಾವಾ ಎಂಬುದು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಪ್ರಕಟಿಸಿದ ಕ್ರಮವಿಧಿ ಭಾಷೆ. ಈ ಭಾಷೆಯಲ್ಲಿ ಬರೆದ ಅನೇಕ ಸೇವೆಗಳು ಯಾರ ಕಣ್ಣಿಗೂ ಬೀಳದೆ, ದೂರದ ಸರ್ವರಿನಲ್ಲಿ ಹಗಲಿರುಳೂ ನಡೆಯುತ್ತಿರುತ್ತವೆ. ಅಂತಹ ಒಂದು ಸೇವೆಯು ಹಣದ ಲೆಕ್ಕವನ್ನು ಬರೆಯುತ್ತಿದೆಯೆಂದು ಭಾವಿಸಿರಿ. ಒಂದು ಖಾತೆಯಿಂದ ಹಣವನ್ನು ಕಳೆದು, ಮತ್ತೊಂದಕ್ಕೆ ಕೂಡಿಸುವ ಮುನ್ನವೇ ಅದು ನಿಂತುಹೋದರೆ, ತಕ್ಕ ರಕ್ಷಣೆಯಿಲ್ಲದ ಪಕ್ಷದಲ್ಲಿ ಬಡವನೊಬ್ಬನ ಹಣವು ಲೆಕ್ಕ ತಪ್ಪಬಹುದು.

ಯೂನಿಕ್ಸ್ ಬಗೆಯ ಯಂತ್ರಗಳಲ್ಲಿ ಸೇವೆಯನ್ನು ನಿಲ್ಲಿಸಲು ಎರಡು ಮುಖ್ಯ ಸಂಕೇತಗಳುಂಟು. 15ನೆಯದು ವಿನಂತಿ, ಅದು ಬಂದಾಗ ಸೇವೆಯು ತನ್ನ ಕೊನೆಯ ಕೆಲಸಗಳನ್ನು ಮಾಡಿಕೊಳ್ಳಬಹುದು. 9ನೆಯದು ಹಠಾತ್ ಮರಣ. ಅದರಲ್ಲಿ ಒಂದು ಕ್ಷಣದ ಅವಕಾಶವೂ ದೊರೆಯದು.

ದೂರದಿಂದಲೇ ಸೇವೆಯನ್ನು ನೋಡಿಕೊಳ್ಳುವುದಕ್ಕೆ ಜೆ.ಎಂ.ಎಕ್ಸ್. ಎಂಬ ಏರ್ಪಾಡು 2004ರಲ್ಲಿ ಜಾವಾದ 5ನೆಯ ಆವೃತ್ತಿಯೊಡನೆಯೇ ಸೇರಿ ಬಂದಿತು. ಸೇವೆಯನ್ನು ಬರೆಯುವವನು ಅದರೊಳಗೆ ಎಂಬೀನ್ ಎಂಬ ನಿರ್ವಹಣಾ ವಸ್ತುವನ್ನಿರಿಸಿ, ಅದಕ್ಕೆ ‘ನಿಲ್ಲಿಸು’ ಎಂಬ ಕ್ರಿಯೆಯನ್ನು ಕಲಿಸುತ್ತಾನೆ. ನಿರ್ವಾಹಕನು ಜೆಕನ್ಸೋಲ್ ಎಂಬ ಉಪಕರಣದಿಂದ, ಬೇರೆ ಯಂತ್ರದಲ್ಲಿ ಕುಳಿತೇ, ಆ ಕ್ರಿಯೆಯನ್ನು ನಡೆಸಬಲ್ಲನು.

ಇಲ್ಲಿ ಒಂದು ಸೂಕ್ಷ್ಮವಿದೆ. ಆಜ್ಞೆ ಬಂದೊಡನೆ ಸೇವೆಯು ಪ್ರಾಣ ಬಿಟ್ಟರೆ ಆಜ್ಞಾಪಿಸಿದವನಿಗೆ ಉತ್ತರವೇ ತಲಪದು. ಸೇವೆ ನಿಂತಿತೋ ಸಂಪರ್ಕ ಕಡಿಯಿತೋ ಅವನಿಗೆ ತಿಳಿಯದು. ಆದುದರಿಂದ ಆ ಕ್ರಿಯೆಯು ‘ನಿಲ್ಲಬೇಕು’ ಎಂಬ ಗುರುತನ್ನು ಮಾತ್ರ ಮಾಡಿ, ಉತ್ತರ ಕೊಟ್ಟು ಹಿಂದಿರುಗತಕ್ಕದ್ದು. ಸೇವೆಯ ಮುಖ್ಯ ಭಾಗವು ಆ ಗುರುತನ್ನು ಕಂಡು, ಈ ಕ್ರಮದಲ್ಲಿ ನಡೆಯುವುದು:

1. ಹೊಸ ಕೆಲಸವನ್ನು ಒಪ್ಪದಿರುವುದು.
2. ಕೈಯಲ್ಲಿರುವ ಕೆಲಸವನ್ನು ಗೊತ್ತಾದ ಅವಧಿಯೊಳಗೆ ಮುಗಿಸುವುದು.
3. ಮುಗಿಯದೆ ಉಳಿದುದನ್ನು ದಾಖಲೆಯಲ್ಲಿ ಬರೆದಿಡುವುದು.
4. ಕಡತಗಳನ್ನೂ ದತ್ತಸಂಚಯದ ಸಂಪರ್ಕಗಳನ್ನೂ ಮುಚ್ಚಿ ಹೊರಬರುವುದು.

ಅವಧಿಯನ್ನು ಗೊತ್ತುಮಾಡುವುದು ಅಗತ್ಯ. ಇಲ್ಲವಾದರೆ ಎಂದೂ ಮುಗಿಯದ ಒಂದು ಕೆಲಸಕ್ಕಾಗಿ ಸೇವೆಯು ಕಾಯುತ್ತಲೇ ಇರುವುದು. ದೂರದ ಬಾಗಿಲಿಗೆ ಬೀಗವೂ ಬೇಕು. ಪಾಸ್‌ವರ್ಡ್ ಮತ್ತು ಗೂಢಲಿಪಿಯ ರಕ್ಷಣೆಯಿಲ್ಲದಿದ್ದರೆ, ಆ ಬಾಗಿಲನ್ನು ಮುಟ್ಟಬಲ್ಲ ಅಪರಿಚಿತನೂ ಸೇವೆಯನ್ನು ನಿಲ್ಲಿಸಿಯಾನು. ಬರಿಯ ನೋಡುವ ಅಧಿಕಾರವನ್ನೂ ಆಜ್ಞಾಪಿಸುವ ಅಧಿಕಾರವನ್ನೂ ಬೇರೆ ಬೇರೆಯಾಗಿ ಕೊಡಲು ಇದರಲ್ಲಿ ಅನುಕೂಲವುಂಟು.

ಪೋಷಕರೇ, ಯಂತ್ರವನ್ನು ಆರಂಭಿಸಲು ಕಲಿಸುವವರು ಬಹಳ ಮಂದಿ. ನಿಲ್ಲಿಸುವ ರೀತಿಯನ್ನು ಮೊದಲೇ ಯೋಚಿಸಿ ಸಿದ್ಧಪಡಿಸುವವನೇ ನಂಬಿಕೆಗೆ ಅರ್ಹನಾದ ಕುಶಲಿ. ಮಕ್ಕಳು ಈ ಎರಡನ್ನೂ ಕಲಿಯಲಿ.

ಅಭ್ಯಾಸ: 15ನೆಯ ಮತ್ತು 9ನೆಯ ಸಂಕೇತಗಳಿಗಿರುವ ಭೇದವೇನು? ‘ನಿಲ್ಲಿಸು’ ಎಂಬ ಕ್ರಿಯೆಯು ತಾನೇ ಸೇವೆಯನ್ನು ಮುಗಿಸಬಾರದೇಕೆ?